ವಾರಕ್ಕೊಂದು ಗಂಟೆ ನಮ್ಮ ಸೀಮೆಯ ಹಾಡು: ಸಮುದಾಯ ಬಾನುಲಿಗೆ ಸಂಗೀತ ಕಾರ್ಯಕ್ರಮ ಕಟ್ಟುವವರಿಗೊಂದು ಸಮಗ್ರ ಮಾರ್ಗದರ್ಶಿ

ಯಾವ ಸಿನಿಮಾ ಹಾಡು ಬೇಕಾದರೂ ಫೋನಿನಲ್ಲಿ ತಕ್ಷಣ ಸಿಗುತ್ತದೆ. ಬೆಂಗಳೂರಿನ ಖಾಸಗಿ ಎಫ್‌ಎಂ ಕೇಂದ್ರಗಳು ಮಾಲೂರಿನ ಕಡೆಗೂ ಕೇಳಿಸುತ್ತವೆ. ಹೀಗಿರುವಾಗ ಸುತ್ತಮುತ್ತ ಹತ್ತು ಹದಿನೈದು ಕಿಲೋಮೀಟರ್ ಮಾತ್ರ ತಲುಪುವ ಸಮುದಾಯ ಬಾನುಲಿಯೊಂದು ವಾರಕ್ಕೊಂದು ಗಂಟೆ ಸಂಗೀತ ಹಾಕಿದರೆ ಜನ ಯಾಕೆ ಕೇಳಬೇಕು? ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಹಾಡುಗಳ ಪಟ್ಟಿ ಬರೆಯಲು ಕೂತವರ ಕಾರ್ಯಕ್ರಮ ಎರಡು ತಿಂಗಳು ದಾಟುವುದು ಕಷ್ಟ. ನನ್ನ ಉತ್ತರ ಇಷ್ಟು: ಬೇರೆಲ್ಲೂ ಸಿಗದ ಹಾಡನ್ನು, ಕೇಳುವವರ ಕೈಗೆ ಕೆಲಸವಿದ್ದು ಕಿವಿಗೆ ಬಿಡುವಿರುವ ಹೊತ್ತಿನಲ್ಲಿ, ಹಾಡಿದವರ ಹೆಸರು ಊರು ಸಮೇತ ಕೊಟ್ಟರೆ ಖಂಡಿತ ಕೇಳುತ್ತಾರೆ. ಮುಂದೆ ಬರೆದಿರುವುದೆಲ್ಲ ಈ ಮಾತನ್ನು ಕಾರ್ಯರೂಪಕ್ಕೆ ತರುವ ಬಗೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಈ ಸೀಮೆಗೆ ಸಮುದಾಯ ಬಾನುಲಿ ಹೊಸದಲ್ಲ. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಶಿಕ್ಷಣ ಸಂಸ್ಥೆಗಳಿಗೆ ಪರವಾನಗಿಯ ಬಾಗಿಲು ತೆರೆದದ್ದು 2002ರಲ್ಲಿ, ಸ್ವಯಂಸೇವಾ ಸಂಸ್ಥೆಗಳಿಗೆ 2006ರಲ್ಲಿ. ಆ ಎರಡನೇ ಬಾಗಿಲು ತೆರೆಯುವ ಮೊದಲೇ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರು ಕೇಬಲ್ ತಂತಿಯ ಮೂಲಕ ಮನೆಮನೆಗೆ ಧ್ವನಿ ಕಾರ್ಯಕ್ರಮ ತಲುಪಿಸಿದ್ದರು. ಊರಿನವರೇ ಮಾತಾಡಿ, ಊರಿನವರೇ ಹಾಡಿ, ಊರಿನವರೇ ಕೇಳಿದ ಆ ಪ್ರಯೋಗ ದೇಶದ ಸಮುದಾಯ ಬಾನುಲಿ ಚರಿತ್ರೆಯಲ್ಲಿ ಇವತ್ತಿಗೂ ನೆನಪಾಗುತ್ತದೆ. ಪರವಾನಗಿಯ ನಿಯಮವೂ ಇದೇ ದಾರಿಯದು: ಪ್ರಸಾರದಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನರ ಭಾಗವಹಿಸುವಿಕೆಯಿಂದ ತಯಾರಾಗಬೇಕು, ಸ್ಥಳೀಯ ಭಾಷೆ ಮತ್ತು ಆಡುನುಡಿಗೆ ಆದ್ಯತೆ ಇರಬೇಕು.

ಮೊದಲ ಹಂತ: ಹೊತ್ತು ಹುಡುಕಿ

ಹಾಡು ಆರಿಸುವ ಮೊದಲು ಹೊತ್ತು ಆರಿಸಬೇಕು. ನಿಮ್ಮ ಪ್ರಸಾರ ತಲುಪುವ ಊರುಗಳಲ್ಲಿ ನಾಲ್ಕೈದು ದಿನ ಸುಮ್ಮನೆ ಓಡಾಡಿ, ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ನೋಡಿ ಬರೆದುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ದಿನವನ್ನು ಹಿಡಿದಿಟ್ಟಿರುವುದು ಹಾಲಿನ ಡೇರಿ. ಬೆಳಿಗ್ಗೆ ಹಾಲು ಕರೆದು ಕ್ಯಾನು ಹೊತ್ತು ಹೊರಡುವ ಹೊತ್ತು, ಸಂಜೆ ಮತ್ತೆ ಅದೇ ಕೆಲಸ. ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ರೇಡಿಯೊ ಇಟ್ಟುಕೊಳ್ಳುವವರು ಇದ್ದಾರೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಕೈ ಬಿಸಿನೀರಿನಲ್ಲಿ, ಕಣ್ಣು ಎಳೆಯ ಮೇಲೆ. ಕಿವಿಯೊಂದೇ ಬಿಡುವಾಗಿರುತ್ತದೆ. ಅವರು ಫೋನ್ ಮುಟ್ಟಿ ಹಾಡು ಬದಲಾಯಿಸಲಾರರು, ಹಾಗಾಗಿ ರೇಡಿಯೊಗೆ ಅವರಷ್ಟು ಒಳ್ಳೆಯ ಕೇಳುಗರು ಸಿಗುವುದು ಅಪರೂಪ. ಕೋಲಾರದ ಟೊಮೆಟೊ ಮಂಡಿಯ ಹಮಾಲರು, ಲಾರಿಯವರದು ಬೇರೆಯೇ ಗಡಿಯಾರ. ನರಸಾಪುರ, ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹುಡುಗ ಹುಡುಗಿಯರು ಪಾಳಿ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಾರೆ. ತಿಪಟೂರಿನ ಕಡೆ ಕಾಯಿ ಸುಲಿಯುವ, ಕೊಬ್ಬರಿ ಒಡೆಯುವ ಅಂಗಳಗಳಿವೆ.

ಇವರನ್ನೆಲ್ಲ ಒಂದೇ ಹೊತ್ತಿನಲ್ಲಿ ಹಿಡಿಯಲು ಆಗುವುದಿಲ್ಲ. ಒಂದು ಗುಂಪನ್ನು ಮುಖ್ಯವಾಗಿ ಇಟ್ಟುಕೊಂಡು ಮೊದಲ ಪ್ರಸಾರ ಮಾಡಿ, ಇನ್ನೊಂದು ಗುಂಪಿಗಾಗಿ ಮರುಪ್ರಸಾರ ಇಡಿ. ಉದಾಹರಣೆಗೆ, ಶುಕ್ರವಾರ ಮಧ್ಯಾಹ್ನ 2 ಗಂಟೆಗೆ ಮೊದಲ ಪ್ರಸಾರ: ಊಟ ಮುಗಿದು, ಸಂಜೆಯ ಹಾಲು ಕರೆಯಲು ಇನ್ನೂ ಸಮಯವಿರುವ ಹೊತ್ತು. ಭಾನುವಾರ ಬೆಳಿಗ್ಗೆ 6ಕ್ಕೆ ಮರುಪ್ರಸಾರ. ಸಂಜೆ ಏಳರಿಂದ ಹತ್ತರವರೆಗೆ ಟಿವಿ ಧಾರಾವಾಹಿಗಳ ಕಾಲ, ಅಲ್ಲಿ ಹೋಗಿ ಗುದ್ದಾಡುವುದು ಬೇಡ. ಒಮ್ಮೆ ಹೊತ್ತು ಗೊತ್ತುಮಾಡಿದ ಮೇಲೆ ಕನಿಷ್ಠ ಆರು ತಿಂಗಳು ಅದನ್ನು ಅಲುಗಾಡಿಸಬೇಡಿ. ಶುಕ್ರವಾರ ಎರಡು ಗಂಟೆ ಎಂದರೆ ಎರಡೇ ಗಂಟೆ, ಎರಡೂ ಐದಲ್ಲ. ಕಾರ್ಯಕ್ರಮದ ಅರ್ಧ ಬಲ ಈ ನಿಷ್ಠೆಯಲ್ಲಿದೆ.

ಎರಡನೇ ಹಂತ: ನಾಲ್ಕು ವಾರದ ಚಕ್ರ

'ಎಲ್ಲ ಬಗೆಯ ಸಂಗೀತ' ಎಂಬ ಕಾರ್ಯಕ್ರಮ ಯಾರಿಗೂ ನೆನಪಿನಲ್ಲಿ ಉಳಿಯುವುದಿಲ್ಲ. ಹಾಗೆಂದು ವರ್ಷವಿಡೀ ಒಂದೇ ಪ್ರಕಾರ ಹಿಡಿದು ಕೂತರೆ ಸಂಗ್ರಹ ಬರಿದಾಗುತ್ತದೆ. ತಿಂಗಳ ನಾಲ್ಕು ವಾರಗಳಿಗೆ ನಾಲ್ಕು ದಿಕ್ಕು ಗೊತ್ತುಮಾಡಿಕೊಳ್ಳುವುದು ನಾನು ಕಂಡ ಒಳ್ಳೆಯ ದಾರಿ. ಕೇಳುಗರಿಗೂ 'ಇದು ಭಜನೆ ವಾರ, ಮುಂದಿನದು ನಾಟಕದ ವಾರ' ಎಂದು ರೂಢಿಯಾಗುತ್ತದೆ.

ಮೊದಲ ವಾರ ಕೆಲಸದ ಹಾಡು, ಸೋಬಾನೆ, ಕೋಲಾಟದ ಪದ. ನಾಟಿ ಪದ, ಬೀಸುವ ಪದ, ಮದುವೆಯ ಶಾಸ್ತ್ರಗಳ ಪದಗಳು ಇನ್ನೂ ಅಜ್ಜಿಯರ ಬಾಯಲ್ಲಿವೆ. ಚಪ್ಪರದ ಕೆಳಗೆ ಈಗ ಡಿಜೆ ಬಂದಿದೆ ನಿಜ, ಆದರೆ ಅರಿಶಿನ ಹಚ್ಚುವಾಗ ಹಾಡುವವರು ಇಲ್ಲವೇ ಎಂದು ಕೇಳಿ ನೋಡಿ, ಪ್ರತಿ ಊರಿನಲ್ಲೂ ಇಬ್ಬರಾದರೂ ಸಿಗುತ್ತಾರೆ. ತಮಟೆಯನ್ನೂ ಈ ವಾರಕ್ಕೇ ಸೇರಿಸಿಕೊಳ್ಳಬಹುದು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರ ಜಿಲ್ಲೆಯ ಮಕ್ಕಳಿಗೆ ತಮಟೆಯ ಗತ್ತುಗಳನ್ನು, ಎಂದರೆ ಬಡಿತದ ವರಸೆಗಳನ್ನು, ಒಂದೊಂದಾಗಿ ಬಿಡಿಸಿ ಕೇಳಿಸುವ ಅವಕಾಶ ರೇಡಿಯೊಗಿದೆ. ಮೆರವಣಿಗೆಯ ಗದ್ದಲದಲ್ಲಿ ಅದು ಆಗುವ ಕೆಲಸವಲ್ಲ.

ಎರಡನೇ ವಾರ ದಾಸರ ಪದ ಮತ್ತು ತತ್ವಪದ. ಈ ವಿಷಯದಲ್ಲಿ ನಮ್ಮ ಸೀಮೆಯವರದು ದೊಡ್ಡ ಪುಣ್ಯ. ಹರಿದಾಸ ಪರಂಪರೆಯ ಆದಿಯಲ್ಲಿ ನಿಲ್ಲುವ ಶ್ರೀಪಾದರಾಜರ ವೃಂದಾವನ ಮುಳಬಾಗಿಲಿನ ಪಕ್ಕದ ನರಸಿಂಹತೀರ್ಥದಲ್ಲಿದೆ. 'ರಂಗವಿಠಲ' ಅಂಕಿತದ ಅವರ ಕೀರ್ತನೆಗಳನ್ನು ಆ ಊರಿನ ಭಜನಾ ಮಂಡಳಿಯವರ ಬಾಯಲ್ಲೇ ಕೇಳಿಸಬಹುದು. ಚಿಂತಾಮಣಿ ತಾಲ್ಲೂಕಿನ ಕೈವಾರದ ತತ್ವಪದಕಾರ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುತ್ತದೆ. ದೊಡ್ಡ ವಿದ್ವಾಂಸರ ಜೊತೆಗೆ ಹಳ್ಳಿಗಳ ಭಜನೆ ತಂಡಗಳವರೂ ಆ ದಿನಗಳಲ್ಲಿ ಕೈವಾರಕ್ಕೆ ಬಂದಿರುತ್ತಾರೆ. ಅನುಮತಿ ಪಡೆದು ಅಲ್ಲಿ ಒಂದು ದಿನ ಕೂತರೆ, ಮುಂದಿನ ಹಲವು ತಿಂಗಳಿಗೆ ಬೇಕಾಗುವಷ್ಟು ಹಾಡುಗಾರರ ಪರಿಚಯವಾಗುತ್ತದೆ.

ಮೂರನೇ ವಾರ ರಂಗಗೀತೆ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು ತುಮಕೂರಿನ ಪಕ್ಕದ ಗುಬ್ಬಿಯಲ್ಲಿ. ಕಂಪನಿ ನಾಟಕದ ಮಟ್ಟುಗಳು ಈ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ರೂಪದಲ್ಲಿ ಇನ್ನೂ ಜೀವಂತ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿನಲ್ಲಿ ಬೀಡುಬಿಟ್ಟು ರೈತರಿಗೆ ದುರ್ಯೋಧನನ ಪದ ಕಲಿಸುವ ಪದ್ಧತಿ ಇವತ್ತಿಗೂ ಇದೆ. ಆ ತಾಲೀಮಿಗೆ ಹೋಗಿ ಧ್ವನಿಮುದ್ರಿಸಿ. ನಾಟಕದ ರಾತ್ರಿಗಿಂತ ತಾಲೀಮಿನ ಹಾಡು ರೇಡಿಯೊಗೆ ಚೆನ್ನ: ಧ್ವನಿವರ್ಧಕದ ಕಿರುಚಾಟವಿಲ್ಲ, ತಪ್ಪಿದಾಗ ಮೇಷ್ಟ್ರು ತಿದ್ದುವುದೂ ಕೇಳುತ್ತದೆ. ಮೂಡಲಪಾಯ, ಕೇಳಿಕೆ ಎಂಬ ಬಯಲಾಟಗಳ ಪದಗಳನ್ನೂ ಇದೇ ವಾರಕ್ಕೆ ಇಟ್ಟುಕೊಳ್ಳಿ.

ನಾಲ್ಕನೇ ವಾರ ಹೊಸಬರದು, ನೆರೆಯ ಭಾಷೆಗಳದು. ಬಾಗೇಪಲ್ಲಿ, ಪಾವಗಡದ ತೆಲುಗು ಜಾನಪದ, ಕೆಜಿಎಫ್‌ನ ತಮಿಳು ಹಾಡು, ಉರ್ದು ಕವ್ವಾಲಿ, ಕಾಲೇಜು ಹುಡುಗರ ಕನ್ನಡ ರ್‍ಯಾಪ್, ಹೋರಾಟದ ಹಾಡುಗಳು. ಕೋಲಾರದಲ್ಲಿ ದಲಿತ ಚಳವಳಿಯ ಹಾಡು ದೊಡ್ಡ ಪರಂಪರೆಯೇ ಆಗಿ ಬೆಳೆದಿದೆ. ಪಿಚ್ಚಳ್ಳಿ ಶ್ರೀನಿವಾಸರಂಥ ಗಾಯಕರು ಬಂದದ್ದು ಈ ಮಣ್ಣಿನಿಂದ. ತೇರಹಳ್ಳಿ ಬೆಟ್ಟದ 'ಆದಿಮ' ಸಾಂಸ್ಕೃತಿಕ ಕೇಂದ್ರದವರು 'ಹುಣ್ಣಿಮೆ ಹಾಡು' ಎಂದು ಬೆಳದಿಂಗಳ ಕಾರ್ಯಕ್ರಮ ನಡೆಸಿಕೊಂಡು ಬಂದವರು. ಗಡಿಸೀಮೆಯ ರೇಡಿಯೊದಲ್ಲಿ ಕನ್ನಡ ಒಂದೇ ಇರಬೇಕು ಎನ್ನುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಹೆಂಗಸಿನ ತಾಯಿಯ ಹಾಡನ್ನು ಅವಳ ಊರಿನ ರೇಡಿಯೊ ಹಾಕದಿದ್ದರೆ ಇನ್ಯಾರು ಹಾಕಬೇಕು? ಹಾಡಿಗೆ ಮುಂಚೆ ಅದರ ತಿರುಳನ್ನು ಎರಡು ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿ, ಆಮೇಲೆ ಹಾಡನ್ನು ಪೂರ್ತಿ ಬಿಡಿ.

ಐದನೇ ವಾರ ಬಂದ ತಿಂಗಳಲ್ಲಿ ಕೇಳುಗರು ಕೇಳಿದ್ದನ್ನು ಹಾಕಿ.

ಇದರ ಮೇಲೆ ವರ್ಷದ ಹಬ್ಬಗಳ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ. ಸಂಕ್ರಾಂತಿಯ ಸುಗ್ಗಿ, ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆ ಜಾತ್ರೆ, ಯುಗಾದಿ, ಕರಗ, ಗುರುಪೂರ್ಣಿಮೆ, ಬಾಬಯ್ಯನ ಹಬ್ಬ (ಮೊಹರಂ), ಗೌರಿ ಗಣೇಶ, ದೀಪಾವಳಿ. ಹಬ್ಬದ ಹಾಡನ್ನು ಹಬ್ಬದ ಹಿಂದಿನ ವಾರ ಹಾಕಬೇಕು, ಹಬ್ಬ ಕಳೆದ ಮೇಲಲ್ಲ. ಮುದ್ರಣವನ್ನಂತೂ ಹಿಂದಿನ ವರ್ಷದ ಹಬ್ಬದಲ್ಲೇ ಮಾಡಿಟ್ಟಿದ್ದರೆ ಇನ್ನೂ ಒಳ್ಳೆಯದು.

ಮೂರನೇ ಹಂತ: ಹಾಡಿನ ಮನೆಗೆ ಹೋಗುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿನ್ನುವುದು, ಹೆಚ್ಚು ಸಂತೋಷ ಕೊಡುವುದು ಇದೇ. ಮೊದಲ ಭೇಟಿಗೆ ರೆಕಾರ್ಡರ್ ತೆಗೆದುಕೊಂಡು ಹೋಗಬೇಡಿ. ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಸ್ತ್ರೀಶಕ್ತಿ ಸಂಘದವರೋ ಜೊತೆಗಿದ್ದರೆ ಬಾಗಿಲು ಬೇಗ ತೆರೆಯುತ್ತದೆ. ಕೂತು ಮಾತಾಡಿ, ಒಂದೆರಡು ಹಾಡು ಕೇಳಿ. ಯಾವ ಹಾಡು ಯಾವ ಸಂದರ್ಭದ್ದು, ಯಾರಿಂದ ಕಲಿತದ್ದು ಎಂದು ವಿಚಾರಿಸಿ. ಎರಡನೇ ಸಲ ಹೋಗುವಾಗ ಅವರೇ ಹೇಳಿದ ಹೊತ್ತಿಗೆ ಹೋಗಿ.

ಕೆಲವು ಹಾಡುಗಳನ್ನು ಯಾವಾಗ ಬೇಕೆಂದರೆ ಆಗ ಹಾಡುವಂತಿಲ್ಲ. ಶಿರಾ, ಚಿಕ್ಕನಾಯಕನಹಳ್ಳಿ ಕಡೆಯ ಕಾಡುಗೊಲ್ಲರು ಉದ್ದನೆಯ ಬಿದಿರಿನ ಗಣೆ ಊದಿ ಹಾಡುವ ಜುಂಜಪ್ಪನ ಪದ ಅವರಿಗೆ ದೇವರ ಕಥೆ. ಸಾವಿನ ಹಾಡುಗಳಿವೆ, ಮಾರಿಯ ಮುಂದೆ ಮಾತ್ರ ಹಾಡುವ ಪದಗಳಿವೆ. 'ಇದನ್ನು ರೇಡಿಯೊದಲ್ಲಿ ಹಾಕಬಹುದೇ, ಯಾವ ದಿನ ಹಾಕಬೇಕು, ಯಾವ ಭಾಗ ಬೇಡ?' ಎಂದು ಕೇಳಿಯೇ ಮುಂದುವರಿಯಿರಿ. ಬೇಡ ಎಂದರೆ ಬೇಡ. ಬಲವಂತ ಮಾಡಿ ತಂದ ಹಾಡಿನಿಂದ ಒಂದು ಗಂಟೆ ತುಂಬುತ್ತದೆ, ಆ ಹಟ್ಟಿಯ ಬಾಗಿಲು ಮಾತ್ರ ಮತ್ತೆ ತೆರೆಯುವುದಿಲ್ಲ.

ಸಲಕರಣೆ ದೊಡ್ಡದು ಬೇಕಿಲ್ಲ. ಸಾಧಾರಣ ಕೈ ರೆಕಾರ್ಡರ್ ಸಾಕು. ಫೋನಿನಲ್ಲೇ ಮುದ್ರಿಸುವುದಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಸಣ್ಣ ಕಾಲರ್ ಮೈಕೊಂದನ್ನು ಸಿಕ್ಕಿಸಿ, ಸಾಧ್ಯವಾದರೆ ವೇವ್ ಕಡತವಾಗಿ ಉಳಿಸಿ. ಆರ್‌ಸಿಸಿ ಮನೆಯ ಹಾಲ್‌ನಲ್ಲಿ ಧ್ವನಿ ಗೋಡೆಗೆ ಬಡಿದು ಮರಳುತ್ತದೆ. ಹೆಂಚಿನ ಮನೆ, ಹುಲ್ಲಿನ ಬಣವೆಯ ಮಗ್ಗುಲು, ಬಟ್ಟೆ ಹಾಸಿಗೆ ತುಂಬಿದ ಕೋಣೆ ಎಷ್ಟೋ ಮೇಲು. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ, ಹತ್ತಿರದಲ್ಲಿ ಬೋರ್‌ವೆಲ್ ಮೋಟರು ಓಡುತ್ತಿದ್ದರೆ ತ್ರೀ ಫೇಸ್ ಕರೆಂಟ್ ಹೋಗುವವರೆಗೆ ಕಾಯಿರಿ. ಕೋಳಿ ಕೂಗಿದರೆ ಚಿಂತೆಯಿಲ್ಲ.

ಒಬ್ಬರೇ ಹಾಡುವಾಗ ಮೈಕು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ತುಸು ಓರೆಯಾಗಿ. ಸೋಬಾನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಸೊಲ್ಲು ತೆಗೆದುಕೊಳ್ಳುತ್ತಾರಲ್ಲ, ಅವರನ್ನು ಅರ್ಧಚಂದ್ರದ ಹಾಗೆ ಕೂರಿಸಿ, ಹೇಳಿಕೊಡುವವರು ಮೈಕಿಗೆ ಒಂದು ಮೊಳ ಹತ್ತಿರ ಇರಲಿ. ಭಜನೆಯಲ್ಲಿ ಹಾರ್ಮೋನಿಯಂ ಮತ್ತು ತಾಳ ಸೇರಿ ಸಾಹಿತ್ಯವನ್ನು ನುಂಗುತ್ತವೆ. ತಾಳದವರನ್ನು ಹಿಂದಿನ ಸಾಲಿಗೆ ಕಳಿಸಿ. ತಮಟೆಯನ್ನು ಒಳಗೆ ಮುದ್ರಿಸಲೇಬಾರದು. ಬಯಲಿಗೆ ಬನ್ನಿ, ಹತ್ತು ಹನ್ನೆರಡು ಅಡಿ ದೂರ ನಿಲ್ಲಿ, ಮುದ್ರಣದ ಮಟ್ಟ ಕೆಳಗಿಳಿಸಿ. ಅತಿ ಜೋರಿನ ಪೆಟ್ಟೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ಸರಿ. ಚರ್ಮ ಕಾಯಿಸಲು ಬೆಂಕಿ ಹಾಕುತ್ತಾರೆ. ಅವಸರ ಮಾಡದೆ ನಾದ ಏರುವವರೆಗೆ ಕಾದರೆ ಧ್ವನಿಯೇ ಬೇರೆ.

ಮುದ್ರಣ ಶುರುವಾದ ಕೂಡಲೇ ಹಾಡಿಸಬೇಡಿ. ಹೆಸರು, ಊರು, ಹಾಡಿನ ಸಂದರ್ಭ, ಕಲಿಸಿದವರು ಯಾರು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ, ಪ್ರಸಾರಕ್ಕೆ ಒಪ್ಪಿಗೆಯನ್ನೂ ಅಲ್ಲೇ ಕೇಳಿ ಮುದ್ರಿಸಿಕೊಳ್ಳಿ. ಹಾಡು ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಆ ಜಾಗದ ಸದ್ದನ್ನಷ್ಟೇ ಮುದ್ರಿಸಿ. ಆಮೇಲೆ ಕತ್ತರಿಸಿ ಜೋಡಿಸುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಗಂಟೆಗಟ್ಟಲೆ ಸಾಗುವ ಕಥನಗೀತೆಯನ್ನು 'ಸ್ವಲ್ಪ ಚಿಕ್ಕದಾಗಿ ಹಾಡಿ' ಎಂದು ಹೇಳಬೇಡಿ. ಪೂರ್ತಿ ಮುದ್ರಿಸಿಕೊಂಡು, ಒಂದು ಸನ್ನಿವೇಶ ಮುಗಿಯುವ ಆರೆಂಟು ನಿಮಿಷದ ಭಾಗವನ್ನು ಪ್ರಸಾರಕ್ಕೆ ಆರಿಸಿ. ಇನ್ನೊಂದು ಮಾತು: ಹಾಡಿದವರಿಗೆ ದುಡ್ಡು ಕೊಡಿ. ಅರ್ಧ ದಿನದ ಕೂಲಿ ಬಿಟ್ಟು ನಿಮ್ಮ ಮುಂದೆ ಕೂತಿರುತ್ತಾರೆ. ಕೇಂದ್ರದ ಬಜೆಟ್ಟಿನಲ್ಲಿ ಟ್ರಾನ್ಸ್‌ಮಿಟರಿನ ಕರೆಂಟ್ ಬಿಲ್ಲಿಗೆ ಇರುವ ಸಾಲಿನ ಕೆಳಗೆ ಇದಕ್ಕೂ ಒಂದು ಸಾಲು ಇರಬೇಕು.

ನಾಲ್ಕನೇ ಹಂತ: ಹಕ್ಕು ಯಾರದು ಎಂದು ತಿಳಿದುಕೊಳ್ಳಿ

ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು, ಸಂಗೀತದ ಹಕ್ಕು, ಧ್ವನಿಮುದ್ರಿಕೆಯ ಹಕ್ಕು ಬೇರೆಬೇರೆ. ಪುರಂದರದಾಸರ ಪದಕ್ಕೆ ಯಾರ ಅಪ್ಪಣೆಯೂ ಬೇಡ, ಆದರೆ ಅದೇ ಪದವನ್ನು ಹತ್ತು ವರ್ಷದ ಹಿಂದೆ ಕ್ಯಾಸೆಟ್ ಕಂಪನಿಯೊಂದು ಹೊರತಂದಿದ್ದರೆ ಆ ಧ್ವನಿಮುದ್ರಿಕೆ ಕಂಪನಿಯದು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಿಕೆಗೆ ಪ್ರಕಟವಾದ ಮುಂದಿನ ವರ್ಷದಿಂದ ಲೆಕ್ಕಹಾಕಿ 60 ವರ್ಷ ರಕ್ಷಣೆ. 1960ರಲ್ಲಿ ಹೊರಬಂದ ಗ್ರಾಮಫೋನ್ ತಟ್ಟೆಯ ಅವಧಿ 2020ರ ಕೊನೆಗೆ ಮುಗಿಯಿತು. ಸಾಹಿತ್ಯ, ಸಂಗೀತಕ್ಕಾದರೆ ಕರ್ತೃವಿನ ಜೀವಿತಾವಧಿ, ಅದರ ಮೇಲೆ 60 ವರ್ಷ. ಹಾಗಾಗಿ ತಟ್ಟೆ ಹಳೆಯದಾದ ಮಾತ್ರಕ್ಕೆ ಎಲ್ಲವೂ ಬಿಡುಗಡೆಯಾಯಿತು ಎಂದುಕೊಳ್ಳಬೇಡಿ.

ಸಿನಿಮಾ ಮತ್ತು ಆಲ್ಬಂ ಹಾಡುಗಳಿಗೆ ಹಕ್ಕುದಾರ ಕಂಪನಿಗಳಿಂದ, ಹಕ್ಕುದಾರರ ಪರವಾಗಿ ಪರವಾನಗಿ ಕೊಡುವ ಪಿಪಿಎಲ್ (ಧ್ವನಿಮುದ್ರಿಕೆಗೆ), ಐಪಿಆರ್‌ಎಸ್‌ (ಸಾಹಿತ್ಯ, ಸಂಗೀತಕ್ಕೆ) ಇಂಥ ಸಂಸ್ಥೆಗಳಿಂದ ಅನುಮತಿ ಪಡೆಯಬೇಕು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಬಂದ 31ಡಿ ಕಲಮು ರೇಡಿಯೊ ಕೇಂದ್ರಗಳಿಗೆ ಇನ್ನೊಂದು ದಾರಿ ಕೊಟ್ಟಿದೆ: ಮುಂಚಿತವಾಗಿ ನೋಟಿಸ್ ಕೊಟ್ಟು, ನಿಗದಿಯಾದ ರಾಯಧನ ಕಟ್ಟಿ ಪ್ರಸಾರ ಮಾಡುವುದು. ಏನೇ ಇದ್ದರೂ ಲಿಖಿತವಾಗಿರಲಿ. ಯೂಟ್ಯೂಬಿನಿಂದ ಇಳಿಸಿಕೊಂಡು ಹಾಕುವ ಅಭ್ಯಾಸವನ್ನು ಮೊದಲ ದಿನದಿಂದಲೇ ದೂರವಿಡಿ.

ನೀವೇ ಮುದ್ರಿಸಿದ ಹಾಡಿಗೂ ಹಾಡುಗಾರರ ಹಕ್ಕು ಇದೆ. ಒಂದು ಪುಟದ ಒಪ್ಪಿಗೆ ಪತ್ರವನ್ನು ಸರಳ ಕನ್ನಡದಲ್ಲಿ ಬರೆಯಿರಿ: ರೇಡಿಯೊದಲ್ಲಿ ಮಾತ್ರವೋ, ಇಂಟರ್‌ನೆಟ್ಟಿನಲ್ಲೂ ಹಾಕಬಹುದೋ, ಬೇರೆ ಕೇಂದ್ರಕ್ಕೆ ಕೊಡಬಹುದೋ, ಎಷ್ಟು ಹಣ ಕೊಟ್ಟಿರಿ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರೂ ಒಪ್ಪಿಗೆಯ ಮಾತು ಮುದ್ರಣದಲ್ಲಿರಲಿ.

ಐದನೇ ಹಂತ: ಒಂದು ಗಂಟೆಯ ಎಲೆ ಬಡಿಸುವುದು

ಅರವತ್ತು ನಿಮಿಷದಲ್ಲಿ ಹಾಡಿಗೆ ಸುಮಾರು 40 ನಿಮಿಷ ಇಡಿ, ಎಂದರೆ ಸರಾಸರಿ ಐದು ನಿಮಿಷದ ಎಂಟು ಹಾಡು. ಮಾತಿಗೆ 12 ನಿಮಿಷ. ಕೇಂದ್ರದ ಹೆಸರು, ಪ್ರಕಟಣೆ, ಜಾಹೀರಾತಿಗೆ 6. ಉಳಿದ ಎರಡು ನಿಮಿಷ ಹೆಚ್ಚುಕಡಿಮೆಗೆ. ಸಮುದಾಯ ಬಾನುಲಿಯ 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ಅವಕಾಶವಿದೆ, ಆದರೆ ಸಂಗೀತದ ಗಂಟೆಯಲ್ಲಿ ಅಷ್ಟನ್ನೂ ತುಂಬುವುದನ್ನು ನಾನು ಒಪ್ಪಲಾರೆ.

ಸೋಬಾನೆ ವಾರದ ಒಂದು ಮಾದರಿ ಹೀಗಿರಬಹುದು:

ಮೊದಲ ಕಾಲು ಗಂಟೆ: ಗುರುತಿನ ಸಂಗೀತ ಅರ್ಧ ನಿಮಿಷ. ನಮಸ್ಕಾರ, ಇವತ್ತು ಯಾರ ಹಾಡು ಎಂಬ ಮಾತು ಒಂದೂವರೆ ನಿಮಿಷ. ಬಹಳ ಜನಕ್ಕೆ ಗೊತ್ತಿರುವ ಒಂದು ಕೋಲಾಟದ ಪದ, ಅದರ ಬೆನ್ನಿಗೆ ಅದೇ ಊರಿನ ಇನ್ನೊಂದು ಹಾಡು.

ಎರಡನೇ ಕಾಲು ಗಂಟೆ: ಈ ವಾರದ ಮುಖ್ಯ ಮುದ್ರಣ. ಹಾಡಿದವರ ಜೊತೆ ಮೂರು ನಿಮಿಷದ ಮಾತು, ಅವರ ಎರಡು ಹಾಡು.

ಮೂರನೇ ಕಾಲು ಗಂಟೆ: ಪ್ರಕಟಣೆ, ಜಾಹೀರಾತು. ಆಮೇಲೆ ತಮಟೆ ಅಥವಾ ಡೊಳ್ಳಿನ ಒಂದು ಗತ್ತು, ಅದರ ಕುರಿತು ಒಂದು ನಿಮಿಷದ ವಿವರಣೆ, ಹೊಸ ತಲೆಮಾರಿನವರ ಒಂದು ಹಾಡು.

ಕೊನೆಯ ಕಾಲು ಗಂಟೆ: ಕೇಳುಗರ ಧ್ವನಿಸಂದೇಶಗಳು, ಅವರು ಕೇಳಿದ ಒಂದು ಹಾಡು, ಮುಂದಿನ ವಾರ ಏನು ಎಂಬ ಮಾತು, ಕೊನೆಗೊಂದು ನಿಧಾನದ ಹಾಡು.

ಹಾಡಿನಿಂದ ಹಾಡಿಗೆ ದಾಟುವಾಗ ಶ್ರುತಿ, ಲಯ, ಕಂಠ ಮೂರನ್ನೂ ಗಮನಿಸಬೇಕು. ತಮಟೆಯ ಬೆನ್ನಿಗೇ ಏಕತಾರಿಯ ತತ್ವಪದ ಬಂದರೆ ಎರಡೂ ಕೆಡುತ್ತವೆ. ನಡುವೆ ಮಾತು ಬರಲಿ. ಒಂದೇ ಶ್ರುತಿಯ ಮೂರು ಹಾಡು ಸಾಲಾಗಿ ಬಂದರೆ ಕಿವಿ ಮಂಕಾಗುತ್ತದೆ. ಹೆಣ್ಣುಕಂಠ, ಗಂಡುಕಂಠ, ಗುಂಪು, ವಾದ್ಯ ಬದಲಾಗುತ್ತ ಹೋಗಲಿ. ಪಟ್ಟಿ ಬರೆದ ಮೇಲೆ ಪ್ರತಿ ಹಾಡಿನ ಕೊನೆಯ ಹತ್ತು ಸೆಕೆಂಡು ಮತ್ತು ಮುಂದಿನ ಹಾಡಿನ ಮೊದಲ ಹತ್ತು ಸೆಕೆಂಡನ್ನು ಜೋಡಿಸಿ ಕೇಳಿ ನೋಡಿ. ಕಾಗದದ ಮೇಲೆ ಚೆನ್ನಾಗಿದ್ದ ಜೋಡಿ ಎಷ್ಟೋ ಸಲ ಕಿವಿಗೆ ಒಗ್ಗುವುದಿಲ್ಲ.

ಒಮ್ಮೆ ಹಾಕಿದ ಹಾಡನ್ನು ಎರಡು ತಿಂಗಳು ಮತ್ತೆ ಹಾಕಬೇಡಿ, ಕೇಳುಗರೇ ಕೇಳಿದರೆ ಆ ಮಾತು ಬೇರೆ.

ಆರನೇ ಹಂತ: ಮಾತು

ನಿರೂಪಕರು ಮನೆಯಲ್ಲಿ ಆಡುವ ಕನ್ನಡದಲ್ಲೇ ಮಾತಾಡಲಿ. ಕೋಲಾರದ ಮಾತಿನಲ್ಲಿ ತೆಲುಗಿನ ರಾಗ ಇದ್ದರೆ ಇರಲಿ, ಅದನ್ನು ಒರೆಸಿಹಾಕಿ ಬೆಂಗಳೂರು ಎಫ್‌ಎಂ ಧಾಟಿ ಹಿಡಿಯುವ ಹುಡುಗರಿಗೆ ಪ್ರೀತಿಯಿಂದ ತಿಳಿಹೇಳಿ. ಒಂದು ಸಲಕ್ಕೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಒಬ್ಬರೇ ಮಾತಾಡಬಾರದು. ಹಾಡಿನ ಪಲ್ಲವಿಯ ಮೇಲೆ ಮಾತು ಹರಿಸಬಾರದು. ಹಾಡು ಮುಗಿದ ಮೇಲೆ ಹಾಡಿದವರ ಹೆಸರು ತಪ್ಪದೆ ಬರಬೇಕು, ಏಕೆಂದರೆ ಹಾಡು ಇಷ್ಟವಾದ ಮೇಲೆಯೇ ಜನ 'ಯಾರಪ್ಪಾ ಇದು?' ಎಂದು ಕಿವಿಗೊಡುವುದು.

ಬರೆದುಕೊಂಡ ಮಾತು ಹೀಗಿರಬಹುದು: 'ಅಕ್ಕಂದಿರೇ, ಅಣ್ಣಂದಿರೇ, ಈಗ ಕೇಳಿದ್ರಲ್ಲ, ಇದು ಹೆಣ್ಣು ಒಪ್ಪಿಸೋವಾಗ ಹೇಳೋ ಪದ. ಹಾಡಿದ್ದು ನಮ್ಮ ಪಕ್ಕದೂರಿನ ಅಜ್ಜಿ, ಜೊತೆಗೆ ಸೊಲ್ಲು ತಗೊಂಡಿದ್ದು ಅವರ ವಾರಗಿತ್ತಿ. ಈ ಪದ ಅಜ್ಜಿಗೆ ಬಂದಿದ್ದು ಅವರತ್ತೆಯಿಂದ. ನಿಮ್ಮೂರಲ್ಲಿ ಇದನ್ನ ಬೇರೆ ಥರ ಹಾಡ್ತಾರಾ? ನಮಗೆ ಹಾಡಿ ಕಳಿಸಿ.' ಅಜ್ಜಿ, ವಾರಗಿತ್ತಿ ಇಬ್ಬರ ಹೆಸರೂ, ಊರ ಹೆಸರೂ ಆ ಜಾಗಗಳಲ್ಲಿ ಬರಬೇಕು. ಹೆಸರನ್ನು ಅವರು ಹೇಳಿಕೊಳ್ಳುವ ಹಾಗೆಯೇ ಹೇಳಿ, ಆಧಾರ್ ಕಾರ್ಡಿನಲ್ಲಿರುವ ಹಾಗಲ್ಲ.

ಏಳನೇ ಹಂತ: ಕಡತ ಸಿದ್ಧಮಾಡಿ ಪ್ರಸಾರಕ್ಕೆ

ಜೋಡಣೆಗೆ ಆಡಾಸಿಟಿ ಎಂಬ ತಂತ್ರಾಂಶ ಸಾಕು, ಉಚಿತ. ಮೂಲ ಮುದ್ರಣವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ. ಗದ್ದಲ ತೆಗೆಯುವ ಸಲಕರಣೆಯನ್ನು ಅತಿಯಾಗಿ ಬಳಸಿದರೆ ಕಂಠ ನೀರಿನಡಿಯಿಂದ ಬಂದಂತೆ ಕೇಳುತ್ತದೆ, ಸ್ವಲ್ಪ ಗದ್ದಲ ಉಳಿದರೂ ಪರವಾಗಿಲ್ಲ. ಎಲ್ಲ ಹಾಡುಗಳೂ ಕಿವಿಗೆ ಒಂದೇ ಮಟ್ಟದಲ್ಲಿ ಕೇಳುವ ಹಾಗೆ ಸಮ ಮಾಡಿ. ಹಾಡುಹಾಡಿಗೂ ಗುಂಡಿ ತಿರುಗಿಸಬೇಕಾಗಿ ಬಂದರೆ ಕೇಳುಗರು ರೇಡಿಯೊ ಆರಿಸುತ್ತಾರೆ. ನಮ್ಮ ಕೇಂದ್ರಗಳಿಗೆ ಸಾಮಾನ್ಯವಾಗಿ 100 ವ್ಯಾಟ್‌ನ ಮಿತಿ ಇರುವುದರಿಂದ, ಗಡಿಯ ಊರುಗಳಲ್ಲಿ ಸಿಗ್ನಲ್ ದುರ್ಬಲವಾಗಿದ್ದರೆ ಸ್ಟೀರಿಯೊ ಬಿಟ್ಟು ಮೊನೊದಲ್ಲಿ ಪ್ರಸಾರ ಮಾಡಿ, ಸರಸರ ಸದ್ದು ಗಮನಾರ್ಹವಾಗಿ ಇಳಿಯುತ್ತದೆ. ಒಬ್ಬರೇ ಹಾಡುವ ಸೋಬಾನೆಗೆ ಸ್ಟೀರಿಯೊದಿಂದ ಆಗಬೇಕಾದದ್ದೇನೂ ಇಲ್ಲ.

ಪ್ರಸಾರಕ್ಕೆ ರೇಡಿಯೊಡಿಜೆ, ಲಿನಕ್ಸ್ ಇದ್ದರೆ ರಿವೆಂಡೆಲ್ ಎಂಬ ಉಚಿತ ತಂತ್ರಾಂಶಗಳಿವೆ. ಕರೆಂಟ್ ಹೋಗುವುದು, ಕಂಪ್ಯೂಟರ್ ನಿಲ್ಲುವುದು ಇದ್ದದ್ದೇ: ಯುಪಿಎಸ್ ಜೊತೆಗೆ ಪೂರ್ತಿ ಗಂಟೆಯ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಮಿಕ್ಸರಿನ ಪಕ್ಕದಲ್ಲೇ ಇಡಿ. ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಾಡಿಡಬೇಕೆಂಬ ನಿಯಮವಿದೆ. ಯಾವ ಹಾಡು, ಯಾರ ಹಕ್ಕು, ಎಷ್ಟು ಹೊತ್ತಿಗೆ ಹೋಯಿತು ಎಂಬ ದಾಖಲೆ ಪುಸ್ತಕವನ್ನು ಅಂದಂದೇ ತುಂಬಿ.

ಎಂಟನೇ ಹಂತ: ಕೇಳಿದವರ ಬಳಿಗೆ ಮರಳಿ

ವಾಟ್ಸ್‌ಆ್ಯಪ್ ಸಂಖ್ಯೆಯೊಂದನ್ನು ಈ ಕಾರ್ಯಕ್ರಮಕ್ಕೆಂದೇ ಇಡಿ. ಬರೆಯಲು ಹೇಳಬೇಡಿ, ಮಾತಾಡಿ ಕಳಿಸಲು ಹೇಳಿ. ಒಂದು ಊರಿನ ಹಾಡಿಗೆ ಇನ್ನೊಂದು ಊರಿನವರು ಅದೇ ಹಾಡಿನ ತಮ್ಮ ರೂಪವನ್ನು ಹಾಡಿ ಕಳಿಸಲು ತೊಡಗಿದರೆ ನಿಮ್ಮ ಕಾರ್ಯಕ್ರಮ ಬೇರುಬಿಟ್ಟಿತೆಂದೇ ತಿಳಿಯಿರಿ. ಎರಡು ತಿಂಗಳಿಗೊಮ್ಮೆ ಯಾವುದಾದರೂ ಊರಿನ ಭಜನೆ ಮನೆಯಲ್ಲೋ ಅರಳಿಕಟ್ಟೆಯಲ್ಲೋ ಸ್ಪೀಕರ್ ಇಟ್ಟು ಕಾರ್ಯಕ್ರಮವನ್ನು ಅವರ ಮುಂದೆಯೇ ಕೇಳಿಸಿ. ಎಲ್ಲಿ ಮಾತು ಹೆಚ್ಚಾಯಿತು, ಎಲ್ಲಿ ಜನ ಎದ್ದುಹೋದರು, ಎಲ್ಲಿ ಜೊತೆಗೆ ಗುನುಗಿದರು ಎಂದು ನೋಡಿ ಬರೆದುಕೊಳ್ಳಿ. ಇದಕ್ಕಿಂತ ನಂಬಲರ್ಹವಾದ ಸಮೀಕ್ಷೆ ಸಣ್ಣ ಕೇಂದ್ರಕ್ಕೆ ಸಿಗುವುದಿಲ್ಲ.

ವಾರದ ಕೆಲಸವನ್ನು ಹೀಗೆ ಹಂಚಿಕೊಂಡರೆ ಇಬ್ಬರು ಮೂವರು ನಿಭಾಯಿಸಬಹುದು: ಸೋಮವಾರ ಬಂದ ಸಂದೇಶಗಳನ್ನು ಕೇಳಿ ಪಟ್ಟಿ ಮಾಡುವುದು, ಮಂಗಳವಾರ ಹಳ್ಳಿಗೆ ಹೋಗಿ ಮುದ್ರಣ, ಬುಧವಾರ ಕತ್ತರಿಸಿ ಜೋಡಿಸುವುದು ಮತ್ತು ಮಾತು ಬರೆಯುವುದು, ಗುರುವಾರ ನಿರೂಪಣೆ ಮುದ್ರಿಸಿ ಪೂರ್ತಿ ಗಂಟೆಯನ್ನು ಇನ್ನೊಬ್ಬರಿಂದ ಕೇಳಿಸುವುದು, ಶುಕ್ರವಾರ ಪ್ರಸಾರ. ಮಂಗಳವಾರದ ಮುದ್ರಣ ಅದೇ ವಾರಕ್ಕೆ ಆಗಿರಬಾರದು, ಯಾವಾಗಲೂ ಮೂರು ವಾರದ ಸರಕು ಕೈಯಲ್ಲಿರಬೇಕು. ಮಳೆ ಬರುತ್ತದೆ, ಊರಿನಲ್ಲಿ ಸಾವಾಗುತ್ತದೆ, ಹಾಡುವವರ ಗಂಟಲು ಕಟ್ಟುತ್ತದೆ.

ಮೂಲ ಮುದ್ರಣಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಟ್ಟು, ಒಂದನ್ನು ಕೇಂದ್ರದಿಂದ ಬೇರೆ ಕಟ್ಟಡದಲ್ಲಿಡಿ. ಕಡತದ ಹೆಸರಿನಲ್ಲೇ ದಿನಾಂಕ, ಊರು, ಹಾಡುಗಾರರು, ಹಾಡಿನ ಬಗೆ ಇರಲಿ. ಮೂರನೇ ಪ್ರತಿಯನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿ ಹಾಡಿದವರ ಮನೆಗೆ ಕೊಟ್ಟು ಬನ್ನಿ, ಅವರ ಮೊಮ್ಮಕ್ಕಳ ಫೋನಿನಲ್ಲಿ ಅದು ತೆರೆಯುತ್ತದೆಯೇ ಎಂದು ಅಲ್ಲೇ ನೋಡಿಕೊಂಡು ಹೊರಡಿ.